ಪರದೆಯ ಹಿಂದಿನ ಉಪ್ಪಿಟ್ಟು

ನನ್ನ ಮದುವೆಯಾದ ಹೊಸತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾರಾವಿಯಲ್ಲಿ ನಾದಿನಿಯ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ಗಂಡನಿಗೆ ರಜೆ ಸಿಗದೆ ಮಾವ, ಅತ್ತೆ, ನಾನು ಬಂಟ್ವಾಳದಲ್ಲಿ ಬೆಳ್ತಂಗಡಿ ಬಸ್ಸು ಹತ್ತಿದೆವು. ಅಲ್ಲಿಂದ ನಾರಾವಿಗೆ ಬೇರೆ ಬಸ್ಸು.

ಮಡಂತ್ಯಾರಿನಲ್ಲಿ ಬಸ್ಸು ಚಾ ಕುಡಿಯಲು ನಿಂತಿತು. "ಇಳಿಯುವ, ಏನಾದರೂ ತಿನ್ನುವ" ಎಂದರು ಮಾವ. ಅದುವರೆಗೆ ನಾನು ಹೋಟೆಲಿನ ಒಳಗೆ ಕಾಲಿಟ್ಟವಳಲ್ಲ. ಮಂಗಳೂರಿಗೆ ಹೋಗಿ ಬಂದಾಗಲೆಲ್ಲ ಅಣ್ಣ ಮಸಾಲೆ ದೋಸೆಯ ವರ್ಣನೆ ಮಾಡುತ್ತಿದ್ದ. ಅದೇ ನೆನಪಾಗಿ ಬಾಯಲ್ಲಿ ನೀರೂರಿತು. ನಾನಿನ್ನೂ ಅದನ್ನು ತಿಂದಿಲ್ಲವೆಂದು ಇಳಿಯುವಾಗ ಅತ್ತೆಯ ಹತ್ತಿರ ಹೇಳಿದೆ.

ಮುಂದಿನ ಬೆಂಚುಗಳೆಲ್ಲ ಗಂಡಸರಿಗೆ. ಹೆಂಗಸರಿಗೆ ಹಿಂದೆ ಒಂದು ಮೂಲೆ, ಅಡ್ಡಕ್ಕೆ ಕೊಳೆಯಾದ ಪರದೆ. ಕಿಟಕಿಯಿಲ್ಲ. ಗೋಡೆಗೊರಗಿ ಅಕ್ಕಿಮೂಟೆಗಳು, ಪಕ್ಕದ ಒಲೆಯಿಂದ ಹೊಗೆ. ನಮ್ಮನ್ನು ಅಲ್ಲಿ ಕೂರಿಸಿ ಮಾವ ಪರಿಚಯದವರ ಜೊತೆ ಹೊರಗೆ ಕೂತರು.

ಕೈ ಒರೆಸುವ ಬೈರಾಸನ್ನು ಹೆಗಲಿಗೆ ಹಾಕಿದ, ಬಡಿಸುವ ನಡುವಯಸ್ಸಿನವನೊಬ್ಬ ಇಣುಕಿದ. ಅತ್ತೆ ನನ್ನ ಮುಖ ನೋಡಿ, "ಮಸಾಲೆ ದೋಸೆ ಉಂಟಾ?" ಎಂದು ಕೇಳಿದರು. "ಉಂಟು" ಎಂದು ಹೋದವನು ಎಷ್ಟೋ ಹೊತ್ತಿನ ಮೇಲೆ ಉಪ್ಪಿಟ್ಟು ತಂದಿಟ್ಟ.

"ದೋಸೆ ಅಲ್ವಾ ಹೇಳಿದ್ದು?" ಎಂದರು ಅತ್ತೆ.

"ಹಿಟ್ಟು ಮುಗಿದಿದೆ ಅಮ್ಮ. ಇದನ್ನೇ ತಿನ್ನಿ." ಉತ್ತರಕ್ಕೂ ಕಾಯದೆ ಪರದೆ ಎಳೆದು ಹೋದ.

ಉಪ್ಪಿಟ್ಟು ತಣ್ಣಗಾಗಿ ಹೆಪ್ಪುಗಟ್ಟಿತ್ತು. ತಳ ಹಿಡಿದ ವಾಸನೆ. ಮೊದಲ ತುತ್ತಿಗೇ ಕಲ್ಲು ಸಿಕ್ಕಿತು. ನಾನು ತಟ್ಟೆ ಸರಿಸಿದೆ. "ಬಿಡಬೇಡ" ಎಂದರು ಅತ್ತೆ ಮೆಲ್ಲಗೆ, "ಉಳಿಸಿದರೆ ನಿನ್ನ ಮಾವನಿಗೆ ಸಿಟ್ಟು ಬರ್ತದೆ." ಇಬ್ಬರೂ ಹೇಗೋ ನುಂಗಿದೆವು.

ಕುಡಿಯಲು ನೀರು ಕೊಟ್ಟಿರಲಿಲ್ಲ. ಗಂಟಲಲ್ಲಿ ರವೆ ಅಂಟಿಕೊಂಡಿತ್ತು. ಕೈ ತೊಳೆಯಲು ಗಂಡಸರ ಸಾಲು ದಾಟಿ ಜಗಲಿಗೆ ಹೋಗಬೇಕು. ಎಂಜಲು ಕೈ ಒಣಗಿ ಬಿಗಿಯತೊಡಗಿತು. ಹೊರಗಿನಿಂದ ಮಾವನ ನಗು ಕೇಳುತ್ತಿತ್ತು.

"ಮಾವನನ್ನು ಕರೆಯಲಾ ಅತ್ತೆ?"

"ಬೇಡ ಮಾರಾಯ್ತಿ. ಅಷ್ಟು ಜನ ಗಂಡಸರು ಇದ್ದಾರೆ. ಅವರೇ ಬರ್ತಾರೆ."

ಯಾರೂ ಬರಲಿಲ್ಲ. ಹೊಗೆಗೆ ಕಣ್ಣು ಉರಿಯುತ್ತಿತ್ತು. ಆಗ ಬಸ್ಸಿನ ಹಾರ್ನ್ ಕೇಳಿತು, ಮತ್ತೊಮ್ಮೆ ಕೇಳಿತು. ಅತ್ತೆಯ ಮುಖ ಬೆವತಿತ್ತು, ಆದರೂ ಕೂತೇ ಇದ್ದರು. ಆ ಮೂಲೆಯಲ್ಲೇ ನಮ್ಮನ್ನು ಮರೆತುಬಿಡುತ್ತಾರೆ ಎಂದು ನನಗೆ ಭಯವಾಯಿತು. ಎದ್ದು ಎಡಗೈಯಿಂದ ಪರದೆ ಸರಿಸಿದೆ. ಎಂಜಲು ಬಲಗೈಯನ್ನು ಎದೆಯ ಮುಂದೆ ಹಿಡಿದುಕೊಂಡು ಬೆಂಚುಗಳ ನಡುವೆ ನಡೆದೆ. ಗಂಡಸರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಜಗಲಿಯ ಹಂಡೆಯಿಂದ ನೀರು ಎತ್ತಿ ಕೈ ತೊಳೆದು ತಿರುಗಿ ನೋಡಿದರೆ ಅತ್ತೆಯೂ ಬಂದು ಕೈಚಾಚಿ ನಿಂತಿದ್ದರು. ಅವರ ಕೈಗೂ ನೀರು ಹೊಯ್ದೆ. ಆಗಲೇ ಬಸ್ಸಿನ ಹತ್ತಿರ ಹೋಗಿ ನಿಂತಿದ್ದ ಮಾವ ನಮ್ಮನ್ನು ಕಂಡದ್ದು ಆಗ.

ಬಸ್ಸಿನಲ್ಲಿ ಮಾವನ ಕಿವಿ ಕೆಂಪಾಗಿತ್ತು. "ಯಾರು ಮೊದಲು ಎದ್ದದ್ದು? ಕರೆಯುವವರೆಗೆ ಕೂತ್ಕೊಳ್ಳಲಿಕ್ಕೆ ಆಗುವುದಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಾನು" ಎಂದರು. "ಅವಳು ನನ್ನ ಹಿಂದೆ ಬಂದದ್ದು."

ಮಾವ ಎದ್ದು ಮುಂದಿನ ಸೀಟಿಗೆ ಹೋಗಿ ಕೂತರು. ಅತ್ತೆ ಹೊರಗೆ ನೋಡುತ್ತ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ಬಾಗಿ, "ಮಸಾಲೆ ದೋಸೆ ನಾನೂ ಇದುವರೆಗೆ ತಿಂದಿಲ್ಲ" ಎಂದರು.