ಕೆಳಗೆ ಇನ್ನೊಂದು ಮೆಟ್ಟಿಲು

ನನಗೆ ಈಜು ಬರುತ್ತದೆ ಎಂದು ಐವತ್ತೆರಡು ವರ್ಷದವರೆಗೂ ನಂಬಿಕೊಂಡಿದ್ದೆ. ಮೊಣಕಾಲು ನೋವಿಗೆ ಡಾಕ್ಟರು ನಡಿಗೆ ಕಡಿಮೆ ಮಾಡಿ ಈಜಲು ಹೇಳಿದರು. ಮುಂಬಯಿಯ ವಿಲೆ ಪಾರ್ಲೆಯಲ್ಲಿ ನಮ್ಮ ಬಿಲ್ಡಿಂಗಿನಿಂದ ಹತ್ತು ನಿಮಿಷ ನಡೆದರೆ ಒಂದು ಈಜುಕೊಳ. ಅಲ್ಲಿ ಬೆಳಗಿನ ಬ್ಯಾಚಿಗೆ ಸೇರಿದೆ. ಮೊದಲ ದಿನ ಹೊಸಬರ ಸಾಲಿನಲ್ಲಿ ನಿಲ್ಲಿಸಲು ಬಂದ ಕೋಚ್‌ಗೆ, ನನಗೆ ಬ್ರೆಸ್ಟ್‌ಸ್ಟ್ರೋಕ್ ಗೊತ್ತು, ಅಪ್ಪ ಕಲಿಸಿದ್ದಾರೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಅವನು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕೊರಳಲ್ಲಿ ಸೀಟಿ. ತೋರಿಸಿ ಎಂದ. ಅರ್ಧ ಕೊಳ ದಾಟುವಷ್ಟರಲ್ಲಿ ಸೀಟಿ ಕೇಳಿಸಿತು.

"ಕಾಕಾ, ನಿಮ್ಮ ಎಡಗಾಲು ಈಜುತ್ತಿದೆ," ಎಂದ ಹಿಂದಿಯಲ್ಲಿ. "ಬಲಗಾಲು ಕೆಳಗೆ ಏನೋ ಹುಡುಕುತ್ತಿದೆ."

ಈ ಈಜಿನಲ್ಲಿ ಮುಂದೆ ಹೋಗುವುದು ಮುಖ್ಯವಾಗಿ ಕಾಲಿನಿಂದ. ಹಿಮ್ಮಡಿಗಳನ್ನು ಹಿಂಭಾಗದ ಹತ್ತಿರ ಎಳೆದುಕೊಳ್ಳಬೇಕು, ಪಾದಗಳನ್ನು ಬಾತುಕೋಳಿಯಂತೆ ಹೊರಕ್ಕೆ ತಿರುಗಿಸಬೇಕು, ಆಮೇಲೆ ಅಂಗಾಲಿನಿಂದ ನೀರನ್ನು ಒದ್ದು ಎರಡೂ ಕಾಲು ಜೋಡಿಸಬೇಕು. ನನ್ನ ಎಡಪಾದ ಇದನ್ನೆಲ್ಲ ಮಾಡುತ್ತಿತ್ತು. ಬಲಪಾದ ಮಾತ್ರ ಬೆರಳು ಚಾಚಿಕೊಂಡು ನೇರ ಕೆಳಗೆ ಇಳಿಯುತ್ತಿತ್ತು. ಅದರಿಂದ ಸೊಂಟ ವಾಲುತ್ತಿತ್ತು, ಮೊಣಕಾಲು ತಿರುಚುತ್ತಿತ್ತು. ಯಾವ ನೋವು ಹೋಗಲಿ ಎಂದು ನೀರಿಗೆ ಇಳಿದಿದ್ದೆನೋ ಅದನ್ನೇ ಹೆಚ್ಚು ಮಾಡಿಕೊಂಡು ಮನೆಗೆ ಬರುತ್ತಿದ್ದೆ.

ಕೊಳದ ಅಂಚಿನಲ್ಲಿ ಕೂರಿಸಿ ಮಾಡಿಸಿದ. ಕಂಬಿ ಹಿಡಿಸಿ ಮಾಡಿಸಿದ. ಹಲಗೆ ಕೊಟ್ಟು ಮಾಡಿಸಿದ. ನೀರಿಗಿಳಿದು ನನ್ನ ಬಲಪಾದವನ್ನು ಎರಡು ಕೈಯಲ್ಲಿ ಹಿಡಿದು ಹೊರಕ್ಕೆ ಮಡಚುತ್ತಿದ್ದ. ಹಿಡಿದಿರುವವರೆಗೂ ಸರಿಯಾಗಿರುತ್ತಿತ್ತು, ಬಿಟ್ಟ ತಕ್ಷಣ ಮತ್ತೆ ಕೆಳಗೆ. ವಿಚಿತ್ರವೆಂದರೆ ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಎರಡೂ ಪಾದ ತಿರುಗಿವೆ ಎಂದು ಆಣೆ ಮಾಡಿ ಹೇಳಬಲ್ಲವನಾಗಿದ್ದೆ. ಅವನು ಮೊಬೈಲಿನಲ್ಲಿ ವಿಡಿಯೊ ತೆಗೆದು ತೋರಿಸಿದ. ಪರದೆಯ ಮೇಲಿನ ಆ ಕಾಲು ಬೇರೆ ಯಾರದೋ ಹಾಗಿತ್ತು. ಲೋಕಲ್ ರೈಲಿನಲ್ಲಿ ನಿಂತಾಗಲೂ ಬಲಪಾದ ತಿರುಗಿಸುವ ಅಭ್ಯಾಸ ಮಾಡಿ, ಒಬ್ಬರ ಚಪ್ಪಲಿ ತುಳಿದು ಬೈಸಿಕೊಂಡೆ.

ಎರಡು ತಿಂಗಳಾದ ಮೇಲೆ ಕೋಚ್ ಪಕ್ಕದಲ್ಲಿ ಕೂತು ಸಮಾಧಾನದಿಂದ ಹೇಳಿದ. "ಹಳೆಯದನ್ನು ಪೂರ್ತಿ ಮರೆಯಬೇಕು ಕಾಕಾ. ನಿಮ್ಮ ಅಪ್ಪ ಕಲಿಸಿದ್ದು ಹೋದರೆ ಮಾತ್ರ ನಾನು ಕಲಿಸಿದ್ದು ಕೂರುತ್ತದೆ."

ಅವನಿಗೆ ಅದು ಬರೀ ಒಂದು ಕಿಕ್. ನನಗೆ ಅಪ್ಪಯ್ಯನಿಂದ ಉಳಿದದ್ದೇ ಅಷ್ಟು.

ಅಪ್ಪಯ್ಯ ಫೋರ್ಟ್ ಏರಿಯಾದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಕುರ್ಲಾದ ಚಾಳಿನ ಮನೆಯಲ್ಲಿ ನಾವು ಏಳುವ ಮೊದಲೇ ಹೋಗುತ್ತಿದ್ದರು, ಮಲಗಿದ ಮೇಲೆ ಬರುತ್ತಿದ್ದರು. ಮೇ ತಿಂಗಳಲ್ಲಿ ಊರಿಗೆ ಹೋದಾಗ ಎಂಟು ಹತ್ತು ದಿನ ಮಾತ್ರ ಅವರು ನಮಗೆ ಪೂರ್ತಿ ಸಿಗುತ್ತಿದ್ದದ್ದು. ಊರಿನ ಕೆರೆಗೆ ಕೆಂಪುಕಲ್ಲಿನ ಮೆಟ್ಟಿಲುಗಳು. ನಮ್ಮ ಕಡೆ ಮಕ್ಕಳಿಗೆ ಈಜು ಕಲಿಸಲು ಸಿಪ್ಪೆಯಿರುವ ಎರಡು ಒಣ ತೆಂಗಿನಕಾಯಿಗಳನ್ನು ಹಗ್ಗದಲ್ಲಿ ಜೋಡಿಸಿ ಎದೆಗೆ ಕಟ್ಟುತ್ತಾರೆ, ಅವು ತೇಲಿಸುತ್ತವೆ. ನನ್ನ ಎದೆಯ ಮೇಲೆ ಆ ಹಗ್ಗ, ಹೊಟ್ಟೆಯಡಿ ಅಪ್ಪಯ್ಯನ ಅಗಲವಾದ ಕೈ, ಮಣಿಕಟ್ಟಿನ ಮೇಲೆ ದೋಸೆ ಕಾವಲಿ ಸುಟ್ಟ ಗುರುತು, ಇಂಗಿನ ವಾಸನೆ. ಅವರು ತೀರಿಕೊಂಡು ಮೂವತ್ತು ವರ್ಷ ಆಗುತ್ತಾ ಬಂತು. ಮುಖ ಕೂಡ ಈಗ ಫೋಟೊದ್ದೇ ನೆನಪಾಗುತ್ತದೆ. ಆ ಕೈ ಮಾತ್ರ ನನ್ನದಾಗಿಯೇ ಇತ್ತು.

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಕಣ್ಣಾರೆ ಕಂಡೆ ಎನ್ನುವವನನ್ನೂ ಮೂರು ಪ್ರಶ್ನೆ ಕೇಳಿ ಎಂದು ಮಕ್ಕಳಿಗೆ ಹೇಳುತ್ತೇನೆ. ಈ ನೆನಪಿಗೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಹೊಟ್ಟೆಯಡಿ ಇದ್ದ ಕೈಯ ಮಣಿಕಟ್ಟು ನನಗೆ ಹೇಗೆ ಕಂಡಿತು ಎನ್ನುವಷ್ಟು ಸುಲಭದ್ದನ್ನೂ.

ಒಂದು ಭಾನುವಾರ ಕುರ್ಲಾಕ್ಕೆ, ಅಕ್ಕನ ಮನೆಗೆ ಹೋದೆ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಒಂದು ಊಹೆ ಕಟ್ಟಿಕೊಂಡು ಹೋಗಿದ್ದೆ: ಅಪ್ಪಯ್ಯ ಕಾಯಿಗಳನ್ನು ಓರೆಯಾಗಿ ಕಟ್ಟಿರಬೇಕು, ಮೈ ಒಂದು ಕಡೆ ವಾಲಿ ಬಲಗಾಲು ಹೀಗಾಗಿರಬೇಕು. ಕಾರಣ ಸಿಕ್ಕರೆ ಕಿಕ್ ಸರಿಯಾಗುತ್ತದೆ, ಅಪ್ಪಯ್ಯನನ್ನು ಮರೆಯುವ ಅಗತ್ಯವೂ ಇರುವುದಿಲ್ಲ ಎಂಬ ಆಸೆ. ಅಕ್ಕ ತೊಂಡೆಕಾಯಿ ಹೆಚ್ಚುತ್ತಿದ್ದಳು. ವಿಡಿಯೊ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ನೋಡಿದಳು, ನಕ್ಕಳು.

"ಇನ್ನೂ ಹುಡುಕ್ತಾ ಇದ್ದೀಯ ಮಾರಾಯ?"

ಏನನ್ನು ಎಂದೆ.

"ಮೆಟ್ಟಿಲನ್ನ. ಕೊನೇ ಮೆಟ್ಟಿಲು ಬಿಡ್ಲಿಕ್ಕೆ ನೀನು ಕೇಳ್ತಾನೇ ಇರ್ಲಿಲ್ಲ, ಅಳು. ಕೆಳಗೆ ಇನ್ನೊಂದು ಮೆಟ್ಟಿಲು ಉಂಟು, ಕಾಲು ಚಾಚಿದ್ರೆ ಸಿಗ್ತದೆ ಅಂತ ನಾನೇ ಸುಳ್ಳು ಹೇಳಿದ್ದು. ಬಲಗಾಲು ಚಾಚ್ತಾ ಚಾಚ್ತಾ ನಡು ಕೆರೆಗೆ ಬಂದೆ ನೀನು."

ಕಲಿಸಿದ್ದು ಅಪ್ಪಯ್ಯ ಅಲ್ಲವಾ ಎಂದು ಕೇಳಿದೆ.

"ಅಪ್ಪಯ್ಯನಿಗೆ ಈಜು ಎಲ್ಲಿ ಬರ್ತಿತ್ತು? ನೀರು ಕಂಡ್ರೆ ಹೆದರಿಕೆ ಅವರಿಗೆ. ಮೇಲಿನ ಮೆಟ್ಟಿಲಲ್ಲಿ ಟವೆಲು ಹಿಡ್ಕೊಂಡು ಕೂತಿರ್ತಿದ್ರು. ನೀನು ಬಂದ ಕೂಡ್ಲೇ ತಲೆ ಒರೆಸ್ತಿದ್ರು."

ತಲೆ ಒರೆಸುವ ಕೈ. ಮುಖದ ಎದುರೇ ಬರುವ ಮಣಿಕಟ್ಟು. ಅಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೂ ನಾನು ಬಿಡಲಿಲ್ಲ. ಅವಳಿಗೂ ಆಗ ಹತ್ತೋ ಹನ್ನೊಂದೋ, ಅವಳ ನೆನಪು ಮಾತ್ರ ಹೇಗೆ ನಂಬುವುದು ಎಂದು ವಾದ ಹೂಡಿದೆ. ನಿನ್ನಿಷ್ಟ ಎಂದು ಅವಳು ಮತ್ತೊಂದು ತೊಂಡೆಕಾಯಿ ತೆಗೆದುಕೊಂಡಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ.

"ಅಪ್ಪ ಕಲಿಸಿದ್ದು ಅಂತ ಎಲ್ಲರ ಹತ್ರ ಹೇಳುವಾಗ ನಿನ್ನ ಮುಖ ಚಂದ ಇರ್ತಿತ್ತು. ನನಗೆ ಅದ್ರಲ್ಲಿ ಹೋಗುವುದು ಎಂತ ಉಂಟು?"

ಅವಳ ಮದುವೆಯಾದ ಮೇಲೆ ಅವಳು ಒಮ್ಮೆಯೂ ನೀರಿಗೆ ಇಳಿದಿರಲಿಲ್ಲ ಎಂಬುದು ಆ ದಿನವೇ ನನಗೆ ಗೊತ್ತಾದದ್ದು. ನಮ್ಮ ಕೊಳದಲ್ಲಿ ಹೆಂಗಸರ ಬ್ಯಾಚೂ ಇದೆ, ಬಾ ಎಂದೆ. ಈ ವಯಸ್ಸಿನಲ್ಲಿ ನನಗೆ ಯಾರು ಮೆಟ್ಟಿಲು ಉಂಟು ಅಂತ ಸುಳ್ಳು ಹೇಳ್ತಾರೆ ಎಂದು ನಕ್ಕು, ಊಟಕ್ಕೆ ತಟ್ಟೆ ಇಟ್ಟಳು.

ಮರುದಿನ ಕೊಳಕ್ಕೆ ಇಳಿದಾಗ, ಇನ್ನು ಸರಿಹೋಗುತ್ತದೆ ಎಂದುಕೊಂಡಿದ್ದೆ. ಮೆಟ್ಟಿಲಿಲ್ಲ, ಅದು ಸುಳ್ಳು, ಅವಳೇ ಒಪ್ಪಿಕೊಂಡಿದ್ದಾಳೆ ಎಂದು ಕಾಲಿಗೆ ಹೇಳಿಕೊಂಡೆ. ಪಾಠ ಮಾಡುವವನು ನಾನು, ಅದು ನನ್ನ ಮಾತು ಕೇಳುವ ವಿದ್ಯಾರ್ಥಿಯಲ್ಲ. ಮೂರು ಕಿಕ್ ಸರಿಯಾಗಿ ಬಂದವು ಎಂದು ಕೋಚ್ ಹೇಳಿದ. ನಾಲ್ಕನೆಯದು ಕೆಳಗೆ ಹೋಯಿತು. ಒಂದು ತಿಂಗಳ ನಂತರವೂ ಲೆಕ್ಕ ಮೂರನ್ನು ದಾಟಿಲ್ಲ.

ರಾತ್ರಿ ಕಣ್ಣುಮುಚ್ಚಿ ಹೊಟ್ಟೆಯಡಿ ಅಕ್ಕನ ಕೈಯನ್ನು ಇಟ್ಟುನೋಡುತ್ತೇನೆ. ಸಣ್ಣ ಕೈ, ಗಾಜಿನ ಬಳೆ ಇದ್ದಿರಬಹುದು. ಅಲ್ಲಿ ಅದು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಕೈ ಅಗಲವಾಗುತ್ತದೆ, ಸುಟ್ಟ ಗುರುತು ಬರುತ್ತದೆ, ಇಂಗಿನ ವಾಸನೆ ಬರುತ್ತದೆ. ಸುಳ್ಳು ಎಂದು ಗೊತ್ತಿದ್ದೂ ಅದರಿಂದ ಸುಖವಾಗುತ್ತದೆ. ಅಕ್ಕನಿಗೆ ನಾನು ಮಾಡುತ್ತಿರುವ ಅನ್ಯಾಯ ಇದು. ನಿಲ್ಲಿಸಲು ನನ್ನಿಂದ ಆಗುತ್ತಿಲ್ಲ.

ಮೊನ್ನೆ ಹೊಸದಾಗಿ ಸೇರಿದ ಬ್ಯಾಂಕಿನವರೊಬ್ಬರು ನನ್ನನ್ನು ನೋಡಿಕೊಂಡೇ ಕಾಲು ಬಡಿಯುತ್ತಿದ್ದರು. ಕೋಚ್ ಅವರನ್ನು ತಡೆದ.

"ಕಾಕಾನ ಬಲಗಾಲು ನೋಡಬೇಡಿ. ಅದು ಅವರ ಅಪ್ಪ ಕಲಿಸಿದ್ದು, ಇನ್ನು ಹೋಗುವುದಿಲ್ಲ."

ಬ್ಯಾಂಕಿನವರು ನನ್ನತ್ತ ತಿರುಗಿ ಗೌರವದಿಂದ ತಲೆಯಾಡಿಸಿದರು. ಅಪ್ಪ ಅಲ್ಲ, ಅಕ್ಕ ಎನ್ನಬೇಕಿತ್ತು. ಕಂಬಿ ಹಿಡಿದುಕೊಂಡು ಬಾಯಿ ತೆರೆದೆ. ಕೋಚ್ ಆಗಲೇ ಸೀಟಿ ಊದಿದ. ನಾನು ಕಂಬಿ ಬಿಟ್ಟು ಆಳದ ಕಡೆಗೆ ಹೊರಟೆ.