ದಂಡೆಯ ನಡುವಿನ ಹುಣಸೆಬೀಜ

ಭಟ್ಕಳ ಮಲ್ಲಿಗೆಯ ವಾಸನೆಗೆ ಎಲ್ಲರಿಗೂ ಮದುವೆಮನೆ ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಒದ್ದೆ ಬಾಳೆನಾರು, ಆಗಷ್ಟೇ ಕೊಯ್ದ ಮೊಗ್ಗಿನ ರಾಶಿ, ಅದರ ಪಕ್ಕ ನನ್ನ ಫಿಸಿಕ್ಸ್ ಪುಸ್ತಕ. ಕಾಯ್ಕಿಣಿಯ ನಮ್ಮ ಜಗಲಿ ಬೆಳಗಿನ ಹೊತ್ತು ಹಾಗಿರುತ್ತಿತ್ತು. ಈಗ ಜಗಲಿಯೂ ಇಲ್ಲ, ಮನೆಯೂ ಇಲ್ಲ. ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಬಸ್ಸಿನಲ್ಲಿ ಹೋಗುವಾಗ ನಮ್ಮ ಅಡುಗೆಮನೆಯ ಮೇಲೇ ಹೋಗುತ್ತೇನೆ. ಹೀಗೆ ಕಳೆದುಕೊಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಪಿಯುಸಿಯಲ್ಲಿ ನಾನು ಫಿಸಿಕ್ಸ್ ಒಂದರಲ್ಲೇ ಡುಮ್ಕಿ ಹೊಡೆದಿದ್ದೆ. ಸಪ್ಲಿಮೆಂಟರಿಯಲ್ಲೂ ಹೋದರೆ ನನ್ನ ಓದು ಮುಗಿದಂತೆಯೇ. ನನ್ನನ್ನು ಓದಿಸಲು ಕೂತವಳು ನನ್ನ ಸ್ವಂತ ಅಕ್ಕ, ಸುಮಿತ್ರಕ್ಕ. ಅವಳೂ ಅದೇ ವಿಷಯದಲ್ಲಿ ಫೇಲಾಗಿ, ಓದು ಬಿಟ್ಟು, ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಅರ್ಧವೃತ್ತವಾಗಿ ಬಾಗಿದ ತಂತಿಯ ಮೇಲೆ ಚಾರ್ಜು ಸಮನಾಗಿ ಹರಡಿದೆ, ಅದರ ಕೇಂದ್ರದಲ್ಲಿ ವಿದ್ಯುತ್ ಕ್ಷೇತ್ರ ಎಷ್ಟು? ಈ ಒಂದು ಲೆಕ್ಕ ನನ್ನ ಪ್ರಾಣ ತಿಂದಿತು. ಎಷ್ಟು ಸಲ ಮಾಡಿದರೂ ಪುಸ್ತಕದ ಉತ್ತರದ ಒಂದೂವರೆ ಪಟ್ಟಿಗಿಂತಲೂ ತುಸು ಹೆಚ್ಚೇ ಬರುತ್ತಿತ್ತು. ಪುಸ್ತಕವೇ ತಪ್ಪು ಎಂದು ನಾನು ಹಟ ಹಿಡಿದೆ.

ಅಕ್ಕ ತಾನು ಕಟ್ಟಿದ ಹೂವಿನ ದಂಡೆಯನ್ನೇ ನೆಲದ ಮೇಲೆ ಕಮಾನಿನ ಹಾಗೆ ಬಾಗಿಸಿ, ನಟ್ಟನಡುವೆ ಒಂದು ಹುಣಸೆಬೀಜ ಇಟ್ಟಳು. "ಒಂದೊಂದ್ ಮೊಗ್ಗೂ ಬೀಜನ್ನ ದೂರ ನೂಕ್ತದೆ ಅಂತ ತಿಳ್ಕ. ಎಡತುದಿದು ಬಲಕ್ಕೆ ನೂಕ್ತದೆ, ಬಲತುದಿದು ಎಡಕ್ಕೆ. ಎರಡೂ ಹೋತು. ನೀ ಎಂತಕ್ಕೆ ಎಲ್ಲಾ ಕೂಡಿಸ್ತೆ?" ಎಲ್ಲ ಮೊಗ್ಗೂ ಒಂದೇ ದೂರದಲ್ಲಿವೆಯಲ್ಲ, ಕೂಡಿಸಿದರೇನು ಎಂದು ನಾನು. ದೂರ ಒಂದೇ, ದಿಕ್ಕು ಬೇರೆ ಎಂದು ಅವಳು. ಮೂರು ದಿನ ಇದೇ ರಗಳೆ. ನಾಲ್ಕನೆಯ ದಿನ ತಲೆ ಕೆಟ್ಟು, "ನೀನೇ ಪಾಸಾಗ್ಲಿಲ್ಲ, ನಂಗೆ ಎಂತ ಕಲಿಸ್ತೆ?" ಅಂದುಬಿಟ್ಟೆ. ಅಕ್ಕ "ಆತು" ಎಂದು ದಂಡೆ ಎತ್ತಿ, ನೀರು ಚಿಮುಕಿಸಿ, ಬಾಳೆಎಲೆಯಲ್ಲಿ ಸುತ್ತಿದಳು. ಮತ್ತೆ ಕಲಿಸಲು ಕೂರಲಿಲ್ಲ. ಬೀಜ ಅಲ್ಲೇ ಬಿದ್ದಿತ್ತು.

ಕುಮಟೆಯ ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು. ಉತ್ತರಪತ್ರಿಕೆಯ ಅಂಚಿನಲ್ಲಿ ಮೊಗ್ಗುಗಳ ಹಾಗೆ ಚುಕ್ಕಿ ಇಟ್ಟುಕೊಂಡು, ಎಡಬಲದ ನೂಕುಗಳನ್ನು ಜೋಡಿ ಜೋಡಿಯಾಗಿ ಹೊಡೆದುಹಾಕಿ, ನೇರ ಕೆಳಕ್ಕಿರುವುದನ್ನಷ್ಟೇ ಕೂಡಿಸಿದೆ. ಸರಿಯಾಗಿ ಬಂತು. ಮನೆಗೆ ಬಂದಾಗ ಅಕ್ಕ ನಾರು ಸೀಳುತ್ತಿದ್ದಳು. "ದಂಡೆ ಲೆಕ್ಕ ಬಂದಿತ್ತಾ?" ಎಂದು ತಲೆ ಎತ್ತದೆ ಕೇಳಿದಳು. ಹಾಳು ಬಿಗುಮಾನ, ಇಲ್ಲ ಅಂದೆ. "ಬಂದಿದ್ರೆ ನೀ ಮಾಡ್ತಿದ್ದೆ ಬಿಡು" ಎಂದು ಮತ್ತೆ ನಾರು ಹಿಡಿದಳು. ನಾನು ಪಾಸಾದೆ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದುಕೊಂಡೇ ವರ್ಷಗಳು ಹೋದವು, ಅಕ್ಕನೂ ಹೋದಳು.

ಮೊನ್ನೆ ಮಗಳು ಮೊಬೈಲಿನಲ್ಲಿ ಸೂತ್ರ ಉರುಹೊಡೆಯುತ್ತಾ, ಅದೇ ಅರ್ಧವೃತ್ತದ ಲೆಕ್ಕದಲ್ಲಿ ಎಲ್ಲವನ್ನೂ ಕೂಡಿಸಿ, ಪುಸ್ತಕವೇ ತಪ್ಪು ಎಂದಳು. ಮೈಯೆಲ್ಲ ಉರಿಯಿತು. ಹೊನ್ನಾವರದ ಬಸ್‌ಸ್ಟ್ಯಾಂಡಿನಿಂದ ತಂದ ದಂಡೆಯನ್ನು ಬಾಗಿಸಿ, ನಡುವೆ ಹುಣಸೆಬೀಜ ಇಟ್ಟೆ. ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. "ಇದನ್ನ ನಿಂಗೆ ಯಾರು ಹೇಳ್ಕೊಟ್ಟದ್ದಮ್ಮಾ?"

"ನಿನ್ನ ದೊಡ್ಡಮ್ಮ. ಪರೀಕ್ಷೆಲಿ ಬಂದಿತ್ತು" ಎಂದೆ. ಮೊದಲ ಸಲ ಹೇಳಿದ್ದು ಅವತ್ತೇ, ನಾರು ಸೀಳುತ್ತಾ ಕೇಳಿದವಳಿಗಲ್ಲ.