ಎದುರುಮನಿ ಕಾಕು ತುಂಬಿದ ಉಡಿ

ಮೊನ್ನೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದಿತ್ತು. ಎಲ್ಲಮ್ಮ ತಾಯಿಯ ಉಡಿ ತುಂಬಲು ಸಾಮಾನು ಜೋಡಿಸೋಣ ಅಂತ ಡಬ್ಬಿ ತೆಗೆದೆ. ಒಣಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು... ಮೂರೂ ಕೂಡಿದ ವಾಸನೆ ಮೂಗಿಗೆ ಬಂದದ್ದೇ ತಡ, ಎದುರುಮನಿ ಕಾಕು ನೆನಪಾದರು. ಡಬ್ಬಿ ಹಿಡಿದು ಹಾಗೇ ಕೂತುಬಿಟ್ಟೆ.

ಚಿಕ್ಕಮ್ಮನಿಗೆ ನಮ್ಮ ಕಡೆ ಕಾಕು ಅನ್ನುತ್ತಾರೆ, ಆದರೆ ಇವರು ನನಗೆ ರಕ್ತಸಂಬಂಧಿ ಅಲ್ಲ. ನಾನು ಬೈಲಹೊಂಗಲಕ್ಕೆ ಸೊಸೆಯಾಗಿ ಬಂದಾಗ ಎದುರು ಮನೆಯಲ್ಲಿದ್ದರು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡವರು. ಇದ್ದ ಒಬ್ಬ ಮಗಳನ್ನು ಮುರಗೋಡಕ್ಕೆ ಕೊಟ್ಟ ಮೇಲೆ ಅವರಿಗೆ ಬಳಗ ಅಂದರೂ ಪಕ್ಷ, ಬದುಕು ಅಂದರೂ ಪಕ್ಷ. ಅದೂ ನಮ್ಮ ಕಡೆ ಸೋಲುತ್ತಲೇ ಬಂದ ಪಕ್ಷ!

"ಕಾಕು, ಗೆಲ್ಲೂ ಪಕ್ಷಕ್ಕ ಬರ್ರಿ, ಚಾ ಆದ್ರೂ ಬಿಸಿ ಸಿಗತೈತಿ," ಎಂದು ನಮ್ಮ ಮನೆಯವರು ಕಾಡಿಸುತ್ತಿದ್ದರು.

"ನಿನ್ನ ಹೆಂಡ್ತಿ ಚಾ ಬಿಸೀನ ಇರ್ತೈತಿ ಬಿಡೋ, ನನಗ ಅಷ್ಟ ಸಾಕು," ಅನ್ನುತ್ತಿದ್ದರು ಕಾಕು.

ಪಕ್ಷದ ಹೆಣ್ಣುಮಕ್ಕಳು ಯಾರೇ ಓಣಿಗೆ ಬರಲಿ, ಉಡಿ ತುಂಬುವ ತಾಟು ಕಾಕುನೇ ಜೋಡಿಸಬೇಕು. ಅಕ್ಕಿ ಹಸನು ಮಾಡಿ, ಕುಪ್ಪಸದ ಖಣ ಮಡಚಿಟ್ಟು, ಕೊನೆಗೆ ತಾಟನ್ನು ನನ್ನ ಕೈಗೆ ಕೊಟ್ಟು, "ನೀ ಮುತ್ತೈದಿ, ನೀ ತುಂಬವಾ," ಎಂದು ಹಿಂದೆ ಸರಿಯುವರು. ಸರಿಯಿರಿ ಅಂತ ಯಾರೂ ಅಂದಿರಲಿಲ್ಲ. ತಾವೇ ಸರಿಯುತ್ತಿದ್ದರು...

ಹೀಗಿರುವಾಗ ನಮ್ಮ ಸಂಸದರು ಅವಧಿ ಮುಗಿಯುವ ಮೊದಲೇ ತೀರಿಕೊಂಡು ಉಪಚುನಾವಣೆ ಬಂತು. ದೇಶಕ್ಕೆಲ್ಲ ಓಟಿದ್ದಾಗ ನಮ್ಮ ಓಣಿ ಯಾರಿಗೆ ನೆನಪಾಗಬೇಕು? ಈಗ ಇದ್ದದ್ದು ಒಂದೇ ಸೀಟು. ಬೆಂಗಳೂರಿನ ದೊಡ್ಡವರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದರು. ಗೆಲ್ಲುತ್ತ ಬಂದವರಿಗೆ ಕೈಯಲ್ಲಿದ್ದದ್ದು ಹೋದರೆ ಮಾನ ಹೋಗುವ ಚಿಂತೆ. ಕಾಕುದು ಬೇರೆ ಚಿಂತೆ.

"ಈ ಸಲಾನೂ ಕೆಟ್ಟ ಸೋತ್ರ, ಈ ಓಣ್ಯಾಗ ನಮ್ಮ ಬಾವುಟ ಹಿಡಿಯಾಕ ಒಬ್ಬರೂ ಉಳಿಯೂದಿಲ್ಲ ನೋಡವಾ," ಅಂದಿದ್ದರು.

ಅವರ ಪಕ್ಷ ರಾಮದುರ್ಗ ಕಡೆಯ ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿತ್ತು. ಆಕೆಗೂ ಗಂಡ ಇರಲಿಲ್ಲ.

ಆಕೆ ಬರುವ ದಿನ ಪಕ್ಷದ ಊರಿನ ಮುಖಂಡರು ಮುಂಜಾನೆಯೇ ಬಂದರು. "ಕಾಕು, ಹಾರ ಹಾಕಿ ಮುಗಸ್ರಿ. ಗಂಡ ಇಲ್ಲದಾಕಿಗೆ ಉಡಿ ಗಿಡಿ ಬ್ಯಾಡ. ಮಂದಿ ಆಡಿಕೊಂಡ್ರ ಓಟು ಹೋಗತಾವ್ರಿ." ಕಾಕು ಅಕ್ಕಿ ಹಸನು ಮಾಡುತ್ತಲೇ ಇದ್ದರು.

ಹನುಮಪ್ಪನ ಗುಡಿ ಮುಂದೆ ಆಕೆ ಬಂದು ನಿಂತಳು. ಹಾರ ಹಾಕಿದ್ದಾಯಿತು. ಆಮೇಲೆ ಹೆಣ್ಣುಮಕ್ಕಳೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಆಕೆಯೂ ನೆಲ ನೋಡುತ್ತ ನಿಂತಳು, ಪಾಪ. ಅಷ್ಟರಲ್ಲಿ ಕಾಕು ತಾಟು ಹಿಡಿದು ಬಂದರು. ವಾಡಿಕೆಯಂತೆ ನಾನು ಕೈ ಚಾಚಿದೆ. ನನಗೆ ಕೊಡಲಿಲ್ಲ.

"ಸೆರಗ ಒಡ್ಡ ನನ್ನವ್ವಾ," ಎಂದರು ಆಕೆಗೆ.

"ಕಾಕು, ಓಟು..." ಎಂದರು ಮುಖಂಡರು.

"ಹೋಗೂವು ಹೋಗ್ಲಿ ಬಿಡ್ರಿ. ಬಿಸಲಾಗ ಊರೂರು ತಿರುಗಸ್ತೀರಿ, ಹೆಣ್ಮಗಳನ್ನ ಬರೇ ಉಡೀಲೆ ಕಳಸ್ತೀರೇನು?"

ಕಾಕು ತಮ್ಮ ಕೈಯಾರೆ ಅಕ್ಕಿ ಹಾಕಿದರು. ಆಗ ಮೂಲೆಮನಿ ಡ್ರೈವರ್ ಸಾಹೇಬರ ಹೆಂಡತಿ ಮುಂದೆ ಬಂದು, "ಕಾಕು, ನನ್ನದೂ ಒಂದ್ ಮುಷ್ಟಿ ಇರ್ಲಿ," ಅಂದಳು. ಆಮೇಲೆ ನಾನು ಹಾಕಿದೆ, ಇನ್ನಷ್ಟು ಮಂದಿ ಹಾಕಿದರು. ಎಲ್ಲರೂ ಬರಲಿಲ್ಲ. ಕೆಲವರು ಸುಮ್ಮನೆ ಮನೆಗೆ ಹೋದರು.

ಪಕ್ಷ ಸೋತಿತು, ಆದರೆ ಕೂದಲೆಳೆಯ ಅಂತರದಲ್ಲಿ. ಸೋತವರು "ನಾವು ಬೆಳೆದೆವು" ಅಂತ ಟಿವಿಯಲ್ಲಿ ನಕ್ಕರು, ಗೆದ್ದವರ ಮುಖದಲ್ಲಿ ನಗು ಇರಲಿಲ್ಲ. ನಮ್ಮ ಓಣಿಗೆ ಬಂದ ಮುಖಂಡರು ಮಾತ್ರ, "ನಿಮ್ಮ ಉಡೀನ ನಮ್ಮನ್ನ ಮುಣಗಿಸಿತು ಕಾಕು," ಅಂದು ಹೋದರು.

ಅವತ್ತು ಎದುರು ಮನೆಯಲ್ಲಿ ಒಲೆ ಹೊತ್ತಲಿಲ್ಲ. ನಾನು ರೊಟ್ಟಿ, ಬದನೆಕಾಯಿ ಪಲ್ಯೆ ಒಯ್ದೆ. ಕಾಕು ತಾಟು ಮುಟ್ಟಲಿಲ್ಲ.

"ಖರೇನ ನನ್ನಿಂದ ಆತೇನವಾ?"

ಓಟಿನ ಲೆಕ್ಕ ನನಗೇನು ತಿಳಿಯುತ್ತದೆ? ಮನೆಗೆ ಬಂದು ಅಕ್ಕಿ, ಕೊಬ್ಬರಿ, ಒಂದು ಖಣ ತಗೊಂಡು ಮತ್ತೆ ಹೋದೆ. "ಸೆರಗ ಒಡ್ರಿ ಕಾಕು," ಅಂದೆ.

"ನನಗ್ಯಾಕ ಹುಚ್ಚಿ, ಈ ವಯಸ್ಸಿನ್ಯಾಗ," ಅಂದರು. ಅಂದರೂ ಸೆರಗು ಒಡ್ಡಿದರು. ಅತ್ತರು... ಆಮೇಲೆ ಅರ್ಧ ರೊಟ್ಟಿ ತಿಂದರು. ಅದೇ ದೊಡ್ಡದು ಅನ್ನಿಸಿತು ನನಗೆ.

ಕಾಕು ತೀರಿಹೋಗಿ ವರ್ಷವಾಯಿತು. ಮೊನ್ನೆ ನಾನು ಗುಡ್ಡದಿಂದ ಬಂದ ದಿನವೇ ಪಕ್ಷದ ಶಾಲು ಹಾಕಿಕೊಂಡ ಇಬ್ಬರು ಹೆಣ್ಣುಮಕ್ಕಳು ಎದುರಿನ ಬಾಗಿಲು ಬಡಿಯುತ್ತಿದ್ದರು.

"ಕಾಕು ಅದಾರೇನ್ರಿ? ಸಭಾ ಐತಿ, ಮಂದಿ ಕೂಡಸಬೇಕಾಗಿತ್ತು."

ಅವರಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಹೇಳಿದೆ. ಹಿರಿಯಾಕೆ ಆ ಮುಚ್ಚಿದ ಬಾಗಿಲಿಗೇ ಕೈಮುಗಿದಳು. ನಮ್ಮ ಮನೆಯೊಳಗೆ ಕರೆದು ಬೆಲ್ಲ, ನೀರು ಕೊಟ್ಟೆ. ಹೋದವರನ್ನು ಕೇಳಿಕೊಂಡು ಇನ್ನೂ ಯಾರೋ ಬರುತ್ತಾರಲ್ಲ, ಅದೂ ತಾಯಿಯ ದಯೆ ಅಂದುಕೊಂಡೆ.

ಏಳುವಾಗ ಆಕೆ ಕೇಳಿದಳು, "ಹಂಗಾರ ಇನ್ನ ಈ ಓಣ್ಯಾಗ ಯಾರನ್ನ ಕೇಳೂಣ್ರಿ ಅಕ್ಕಾರ?"

ಓಣಿಯ ಮನೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿದೆ, ಕಾಕು ಅಂದಿದ್ದಂತೆ ಅವರ ಬಾವುಟ ಹಿಡಿಯುವವರು ಒಬ್ಬರೂ ಉಳಿದಿರಲಿಲ್ಲ.